ಡಾ. ದ್ವಾರಕಾನಾಥ ಕೋಟಣೀಸ: ಜೀವನ ಮತ್ತು ಮರಣ

ಸೊಲ್ಲಾಪುರವು ಕಲಾದಗಿಯ ಜನರಿಗೆ ಪರಸ್ಥಳವಲ್ಲ. ಇಂದು ಅದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಮುಂಬಯಿ ಇಲಾಖೆಯ ಕಾಲದಲ್ಲಿ ಆ ಜಿಲ್ಲೆಯೂ ನಮ್ಮದೂ ಒಂದೇ ಆಡಳಿತದ ಕೆಳಗೆ ನೆರೆಹೊರೆಯಾಗಿದ್ದವು. ಮಳೆ ಕೈಕೊಟ್ಟ ವರ್ಷ ಗಿರಣಿಯ ಕೂಲಿಗಾಗಿ, ದೊಡ್ಡ ಬೇನೆ ಬಿದ್ದಾಗ ದವಾಖಾನೆಗಾಗಿ, ಸಂಕ್ರಮಣ ಬಂದಾಗ ಸಿದ್ಧರಾಮನ ಜಾತ್ರೆಗಾಗಿ ನಮ್ಮ ಹಿರಿಯರು ಬಾಗಲಕೋಟೆಯಲ್ಲಿ ರೈಲು ಹತ್ತಿ, ವಿಜಾಪುರವನ್ನು ದಾಟಿ ಆ ಊರಿಗೆ ಹೋಗಿ ಬರುತ್ತಿದ್ದರು. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುವ ಊರದು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಶಿವಯೋಗಿ ಸಿದ್ಧರಾಮೇಶ್ವರರ ಹೆಸರನ್ನು ನಮ್ಮ ಮಕ್ಕಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಊರಿನಲ್ಲಿ 1910ರ ಅಕ್ಟೋಬರ್ 10ರಂದು ಮರಾಠಿ ಮನೆತನವೊಂದರಲ್ಲಿ ಜನಿಸಿ, 32 ವರ್ಷ ಮಾತ್ರ ಬಾಳಿ, ಚೀನ ದೇಶದ ಹೆಬೆಯ್ ಪ್ರಾಂತದ ಒಂದು ಹಳ್ಳಿಯಲ್ಲಿ ಸೈನ್ಯದ ವೈದ್ಯರಾಗಿ ಕಣ್ಮುಚ್ಚಿದ ದ್ವಾರಕಾನಾಥ ಶಾಂತಾರಾಮ ಕೋಟಣೀಸರ ಹೆಸರನ್ನು ಹೇಳಿಕೊಡಬೇಕಾಗಿದೆ.

ಅವರ ಕಥೆಯನ್ನು ನಾನು ಅನೇಕ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಅನೇಕ ವರ್ಷ ತಪ್ಪಾಗಿಯೇ ಹೇಳಿದ್ದೇನೆ. ಚೀನದಲ್ಲಿ ಪ್ಲೇಗು ಹಬ್ಬಿತೆಂದೂ, ಕೋಟಣೀಸರು ಅದಕ್ಕೆ ಮದ್ದು ಕಂಡುಹಿಡಿದು ಸಾವಿರಾರು ಜನರನ್ನು ಉಳಿಸಿ, ಕೊನೆಗೆ ಅದೇ ಪ್ಲೇಗಿಗೆ ಬಲಿಯಾದರೆಂದೂ ನನ್ನ ಪಾಠ ಮುಗಿಯುತ್ತಿತ್ತು. ಇದಕ್ಕೆ ಮೂಲ ವ್ಹಿ. ಶಾಂತಾರಾಮರು 1946ರಲ್ಲಿ ತೆಗೆದು, ತಾವೇ ನಾಯಕರಾಗಿ ನಟಿಸಿದ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ ಎಂಬ ಹಿಂದಿ ಚಲನಚಿತ್ರ. ನಮ್ಮ ತಲೆಮಾರಿನ ಬಹುಪಾಲು ಜನರಿಗೆ ಕೋಟಣೀಸರೆಂದರೆ ಆ ಚಿತ್ರವೇ. ಆದರೆ ನಿಜವಾದ ಕೋಟಣೀಸರು ಪ್ಲೇಗಿನಿಂದ ಮಡಿಯಲಿಲ್ಲ. ಅವರು ಮಡಿದದ್ದು ಮೂರ್ಛೆರೋಗದಿಂದ. ಈ ವ್ಯತ್ಯಾಸವು ಅಲ್ಪವೆಂದು ಮೊದಲು ನನಗೂ ತೋರಿತ್ತು. ಅಲ್ಪವಲ್ಲವೆಂಬುದು ಹೇಗೆ ತಿಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಅವರ ಜೀವನವನ್ನು ನೋಡೋಣ.

ಸೊಲ್ಲಾಪುರದಲ್ಲಿ ಬಾಲ್ಯವನ್ನು ಕಳೆದ ದ್ವಾರಕಾನಾಥರು ಮುಂಬಯಿಯ ಸೇಠ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ವೈದ್ಯಪದವಿಯನ್ನು ಪಡೆದರು. ಇಬ್ಬರು ಸೋದರರು, ಐವರು ಸೋದರಿಯರಿದ್ದ ತುಂಬು ಕುಟುಂಬ ಅವರದು. ಉನ್ನತ ವ್ಯಾಸಂಗದ ಸಿದ್ಧತೆಯಲ್ಲಿದ್ದ ಈ ತರುಣ ವೈದ್ಯರ ದಾರಿಯನ್ನು ಬದಲಿಸಿದ್ದು ದೂರದ ಒಂದು ಯುದ್ಧ. 1937ರ ಜುಲೈಯಲ್ಲಿ ಜಪಾನಿನ ಸೈನ್ಯವು ಚೀನದ ಮೇಲೆ ಪೂರ್ಣಪ್ರಮಾಣದ ಆಕ್ರಮಣವನ್ನು ಆರಂಭಿಸಿತು. ಆ ವರ್ಷದ ಡಿಸೆಂಬರಿನಲ್ಲಿ ರಾಜಧಾನಿ ನಾನ್‌ಕಿಂಗ್ ಪತನವಾಯಿತು. ಚೀನದ ಸೇನಾನಿ ಜು ದೆ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ವೈದ್ಯಕೀಯ ನೆರವನ್ನು ಕೋರಿದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆಯಿತ್ತರು. ಜುಲೈ 7ರಿಂದ 9ರವರೆಗೆ ಚೀನ ನಿಧಿಯ ದಿನಗಳನ್ನು ಆಚರಿಸಿ 22,000 ರೂಪಾಯಿ ಕೂಡಿಸಲಾಯಿತು. ಸ್ವತಃ ಪರಾಧೀನವಾಗಿದ್ದ ದೇಶವೊಂದು ಇನ್ನೊಂದು ದೇಶದ ಗಾಯಾಳುಗಳಿಗಾಗಿ ಜೋಳಿಗೆ ಹಿಡಿದ ಪ್ರಸಂಗವಿದು. ಮಠದ ಜೋಳಿಗೆಯಿಂದ ಶಾಲೆಗಳು ಎದ್ದುದನ್ನು ಬಲ್ಲ ಈ ಸಂಚಿಕೆಯ ಓದುಗರಿಗೆ ಆ 22,000 ರೂಪಾಯಿಯ ತೂಕ ತಿಳಿದೀತು.

ಹಣಕ್ಕಿಂತ ಜನ ಬೇಕಾಗಿದ್ದರು. ಐವರು ವೈದ್ಯರ ತಂಡವೊಂದು ಸಿದ್ಧವಾಯಿತು. ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಅಲಾಹಾಬಾದಿನ ಡಾ. ಅಟಲ್ ಅದರ ಮುಂದಾಳು, ನಾಗಪುರದ ಡಾ. ಚೋಳಕರ, ಕಲಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಸೊಲ್ಲಾಪುರದ ಡಾ. ಕೋಟಣೀಸ ಉಳಿದವರು. ಮಗನ ನಿರ್ಧಾರವನ್ನು ತಂದೆ ಹುರಿದುಂಬಿಸಿದರು. ಅಷ್ಟು ದೂರ ಹೋಗುತ್ತಾನಲ್ಲಾ ಎಂದು ತಾಯಿ ಮರುಗಿದರು. ಆ ಮನೆಯವರಿಗೆ ಚೀನವೆಂದರೆ ಆ ದೇಶದ ರೇಷ್ಮೆಯನ್ನು ಮಾರಲು ಬರುತ್ತಿದ್ದ ವ್ಯಾಪಾರಿಗಳಷ್ಟೇ ಗೊತ್ತು. ಇಲಕಲ್ಲು, ಗುಳೇದಗುಡ್ಡಗಳ ನೇಕಾರರ ಮನೆಗಳಲ್ಲಿ ವಿಚಾರಿಸಿದ್ದರೂ ಆಗ ಇದಕ್ಕಿಂತ ಹೆಚ್ಚಿನ ಉತ್ತರ ಸಿಗುತ್ತಿರಲಿಲ್ಲವೇನೋ.

1938ರ ಸೆಪ್ಟೆಂಬರ್ 1ರಂದು ‘ರಾಜಪುತಾನಾ’ ಎಂಬ ಹಡಗಿನಲ್ಲಿ ತಂಡವು ಮುಂಬಯಿಯನ್ನು ಬಿಟ್ಟಿತು. ಅದೇ ತಿಂಗಳಿನಲ್ಲಿ ಹ್ಯಾಂಕೌ ತಲುಪಿ, ಜಪಾನೀ ಸೈನ್ಯ ಸಮೀಪಿಸಿದಂತೆ ಇಚಾಂಗ್‌ಗೂ ಅಲ್ಲಿಂದ ಚುಂಗಕಿಂಗ್‌ಗೂ ಸರಿಯಿತು. ಚುಂಗಕಿಂಗಿನಲ್ಲಿದ್ದಾಗಲೇ ಕೋಟಣೀಸರಿಗೆ ತಂದೆಯ ಮರಣದ ವಾರ್ತೆ ಬಂದಿತು. ತಂಡವನ್ನು ಬಿಟ್ಟು ಊರಿಗೆ ಮರಳಲು ಅದು ಸಾಕಷ್ಟು ಕಾರಣವಾಗಿತ್ತು. ಹೊರಟಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವರು ಮರಳಲಿಲ್ಲ. 1939ರ ಫೆಬ್ರವರಿ 12ರಂದು ಐವರೂ ಯೆನಾನ್ ನಗರವನ್ನು ತಲುಪಿದರು. ಐವರೂ ತಮ್ಮ ಹೆಸರಿನ ಕೊನೆಗೆ ಚೀನ ಎಂಬರ್ಥದ ‘ಹುವಾ’ ಎಂಬ ಅಕ್ಷರವನ್ನು ಸೇರಿಸಿಕೊಂಡರು. ಕೋಟಣೀಸರು ‘ಕೆ ದಿಹುವಾ’ ಎನಿಸಿದರು. ಚೀನದಲ್ಲಿ ಇಂದಿಗೂ ಅವರನ್ನು ಬಲ್ಲವರು ಬಲ್ಲುದು ಈ ಹೆಸರಿನಿಂದಲೇ.

ಮುಂದೆ ಸಹೋದ್ಯೋಗಿಗಳು ಅನಾರೋಗ್ಯ ಮೊದಲಾದ ಕಾರಣಗಳಿಂದ ಒಬ್ಬೊಬ್ಬರಾಗಿ ಸ್ವದೇಶಕ್ಕೆ ಹಿಂದಿರುಗಿದರು. ಬಹುಕಾಲ ನಿಂತ ಡಾ. ಬಸು ಅವರು ಸಹ 1943ರಲ್ಲಿ ಮರಳಿದರು. ಹಿಂದಿರುಗದೆ ಉಳಿದವರು ಕೋಟಣೀಸರೊಬ್ಬರೇ. ಅವರ ಬಾಳಿನ ಸತ್ವವು ಯಾವುದೋ ಒಂದು ಸಾಹಸದ ಕ್ಷಣದಲ್ಲಿಲ್ಲ, ಹೊರಡಲು ದಾರಿ ತೆರೆದಿದ್ದಾಗಲೆಲ್ಲ ಹೊರಡದೆ ಇದ್ದುದರಲ್ಲಿ ಇದೆ ಎಂದು ನನಗೆ ತೋರುತ್ತದೆ.

1939ರ ಕೊನೆಯಲ್ಲಿ ಅವರು ಯುದ್ಧರಂಗದತ್ತ, ಎಂಟನೆಯ ಮಾರ್ಗಸೇನೆಯ ನೆಲೆಗಳತ್ತ ನಡೆದರು. ಶಾನ್‌ಸಿ, ಚಾಹಾರ್, ಹೆಬೆಯ್ ಪ್ರಾಂತಗಳು ಕೂಡುವ ಆ ಗುಡ್ಡಗಾಡಿನಲ್ಲಿ ಅವರಿಗಿಂತ ಮೊದಲು ಕೆಲಸ ಮಾಡಿದವರು ಕೆನಡಾ ದೇಶದ ಶಸ್ತ್ರವೈದ್ಯ ನಾರ್ಮನ್ ಬೆಥೂನ್. ಗಾಯಾಳು ತನ್ನ ಬಳಿಗೆ ಬರಲೆಂದು ವೈದ್ಯನು ಕಾಯಬಾರದು, ವೈದ್ಯನೇ ಗಾಯಾಳುವಿನ ಬಳಿಗೆ ಹೋಗಬೇಕೆಂಬುದು ಬೆಥೂನರ ಪದ್ಧತಿ. ಇದು ಕೇವಲ ಆದರ್ಶದ ಮಾತಲ್ಲ, ವೈದ್ಯಶಾಸ್ತ್ರದ ಲೆಕ್ಕಾಚಾರ. ಗುಂಡು ಅಥವಾ ಬಾಂಬಿನ ಚೂರು ದೇಹವನ್ನು ಹೊಕ್ಕಾಗ ಮಣ್ಣು, ಬಟ್ಟೆಯ ತುಣುಕುಗಳೂ ಒಳಸೇರುತ್ತವೆ. ಸತ್ತ ಮಾಂಸವನ್ನು ಬೇಗನೆ ಕೊಯ್ದು ತೆಗೆದು ಗಾಯವನ್ನು ತೊಳೆದರೆ ಕೈಕಾಲು ಉಳಿಯುತ್ತವೆ; ತಾಸುಗಟ್ಟಲೆ ತಡವಾದರೆ ನಂಜೇರಿ, ಕೊಳೆತು, ಪ್ರಾಣವೇ ಹೋಗುತ್ತದೆ. ಪೆನಿಸಿಲಿನ್ ಆಗ ಯುದ್ಧರಂಗಕ್ಕೆ ಬಂದಿರಲಿಲ್ಲ. ಗಂಧಕಯುಕ್ತ ಸಲ್ಫಾ ಔಷಧಗಳು ಬಳಕೆಗೆ ಬಂದಿದ್ದರೂ ಮುತ್ತಿಗೆಗೊಳಗಾದ ಆ ಗುಡ್ಡಗಳಲ್ಲಿ ಅವು ದುರ್ಲಭ. ರಬ್ಬರಿನ ಕೈಗವಸಿಗೂ ಬರ. ಬೆಥೂನರು ಕೈಗವಸಿಲ್ಲದೆ ಶಸ್ತ್ರಕ್ರಿಯೆ ಮಾಡುವಾಗ ಬೆರಳು ಕೊಯ್ದುಕೊಂಡು, ರಕ್ತ ನಂಜಾಗಿ 1939ರ ನವೆಂಬರ್ 12ರಂದು ತೀರಿಕೊಂಡರು. ಕೋಟಣೀಸರು ತುಂಬಬೇಕಾದದ್ದು ಇಂಥವರು ಬಿಟ್ಟುಹೋದ ಸ್ಥಳವನ್ನು.

1940ರಲ್ಲಿ ನಡೆದ ನೂರು ರೆಜಿಮೆಂಟುಗಳ ಕಾಳಗದ ಸಮಯದಲ್ಲಿ ಅವರು 800ಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು. ಒಮ್ಮೆ ಸತತವಾಗಿ 72 ತಾಸು ನಿದ್ದೆಯಿಲ್ಲದೆ ಶಸ್ತ್ರಕ್ರಿಯೆಯಲ್ಲಿ ತೊಡಗಿದ್ದರು. ಅಂಕಿಗಳನ್ನು ಓದಿ ಬೆರಗಾಗುವುದು ಸುಲಭ. ನಿದ್ದೆಗೇಡಿನ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಅವರ ಕೊನೆಯ ಬೇನೆಗೂ ಇದಕ್ಕೂ ಸಂಬಂಧವಿರಬಹುದು.

1941ರ ಜನವರಿಯಲ್ಲಿ ಅವರು ಬೆಥೂನರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಆಸ್ಪತ್ರೆಯೆಂದರೆ ನಾವು ಇಂದು ಬಾಗಲಕೋಟೆಯಲ್ಲೋ ವಿಜಾಪುರದಲ್ಲೋ ಕಾಣುವ ಕಟ್ಟಡವಲ್ಲ. ಹಳ್ಳಿಯ ಮನೆಗಳೇ ವಾರ್ಡುಗಳು. ಶತ್ರುವು ಗುಡ್ಡಗಳನ್ನು ಜಾಲಾಡುತ್ತ ಬಂದಾಗ ರೋಗಿಗಳನ್ನೂ ಉಪಕರಣಗಳನ್ನೂ ಹೊತ್ತು ಇನ್ನೊಂದು ಹಳ್ಳಿಗೆ ಹೋಗುವುದು; ದಾಳಿ ಮುಗಿದ ಮೇಲೆ ಮರಳುವುದು. ಇದರ ನಡುವೆಯೇ ವೈದ್ಯಕೀಯ ಶಾಲೆಯೂ ನಡೆಯಬೇಕು. ಹಳ್ಳಿಯ ತರುಣರು ಅದರ ವಿದ್ಯಾರ್ಥಿಗಳು. ಅವರಿಗೆ ಕಲಿಸಲು ಕೋಟಣೀಸರು ಚೀನೀ ಭಾಷೆಯನ್ನು ಕಲಿತು ಆ ಭಾಷೆಯಲ್ಲಿಯೇ ಪಾಠ ಹೇಳಿದರು. ಪಠ್ಯಪುಸ್ತಕಗಳಿರಲಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಯ ಸಾಮಾನ್ಯ ತತ್ತ್ವಗಳನ್ನು ಕುರಿತು ಒಂದು ಪುಸ್ತಕವನ್ನು ತಾವೇ ಸಿದ್ಧಪಡಿಸಿದರು. ಒಂದೊಂದು ಅವಯವದ ಶಸ್ತ್ರಚಿಕಿತ್ಸೆಯನ್ನು ವಿವರಿಸುವ ಎರಡನೆಯದನ್ನು ಆರಂಭಿಸಿದರು. ಯುದ್ಧರಂಗದಲ್ಲಿ ಕುಳಿತು ಪಠ್ಯಪುಸ್ತಕ ಬರೆದ ಈ ಅಧ್ಯಾಪಕ ಕೋಟಣೀಸರು ಚಲನಚಿತ್ರದಲ್ಲಿ ಕಾಣುವುದಿಲ್ಲ. ಅಧ್ಯಾಪಕ ವೃತ್ತಿಯಲ್ಲಿ ಕೂದಲು ನೆರೆದ ನನ್ನಂಥವನಿಗೆ ಅವರು ಎಲ್ಲರಿಗಿಂತ ಹತ್ತಿರದವರಾಗುವುದು ಮಾತ್ರ ಇಲ್ಲಿಯೇ.

ಅದೇ ಶಾಲೆಯಲ್ಲಿ ಶುಶ್ರೂಷೆಯ ಪಾಠ ಹೇಳುತ್ತಿದ್ದ ಗುವೊ ಚಿಂಗಲಾನ್ ಎಂಬ ತರುಣಿಯನ್ನು ಅವರು 1941ರ ಕೊನೆಯಲ್ಲಿ ವಿವಾಹವಾದರು. ಮೊದಲು ಅವರಿಬ್ಬರು ಭೆಟ್ಟಿಯಾದದ್ದು 1940ರಲ್ಲಿ, ಬೆಥೂನರ ಸಮಾಧಿಯ ಉದ್ಘಾಟನೆಯಲ್ಲಿ. 1942ರ ಜುಲೈಯಲ್ಲಿ ಕೋಟಣೀಸರು ಚೀನದ ಕಮ್ಯೂನಿಸ್ಟ್ ಪಕ್ಷದ ಸದಸ್ಯರಾದರು. ನಮ್ಮಲ್ಲಿ ಇದನ್ನು ಮೆಚ್ಚುವವರೂ ಇರಬಹುದು, ಮೆಚ್ಚದವರೂ ಇರಬಹುದು. ನಡೆದದ್ದನ್ನು ಮುಚ್ಚಿಡುವುದು ಮಾತ್ರ ಅಧ್ಯಯನದ ಲಕ್ಷಣವಲ್ಲ. ಆಗಸ್ಟ್ 23ರಂದು ಅವರಿಗೆ ಗಂಡುಮಗು ಹುಟ್ಟಿತು. ಸೇನಾನಿ ನಿಯೆ ರಾಂಗ್‌ಚೆನ್ ಅವರ ಸೂಚನೆಯಂತೆ ಮಗುವಿಗೆ ‘ಇನ್‌ಹುವಾ’ ಎಂದು ಹೆಸರಿಟ್ಟರು. ಭಾರತ, ಚೀನ ಎಂಬ ಎರಡು ಹೆಸರುಗಳ ಕೂಡಿಕೆ ಅದು.

ಈ ಹೊತ್ತಿಗೆ ಕೋಟಣೀಸರನ್ನು ಮೂರ್ಛೆಯು ಪದೇ ಪದೇ ಕಾಡತೊಡಗಿತ್ತು. ಆ ನೆಲೆಯನ್ನು ಬಿಟ್ಟು ಬೇರೆಡೆಗೆ ಹೋಗಿ ಚಿಕಿತ್ಸೆ ಪಡೆಯಬೇಕೆಂದು ಮೇಲಿನವರು ಸಲಹೆಯಿತ್ತರೂ ಅವರು ಒಪ್ಪಲಿಲ್ಲ. ಮತ್ತೊಮ್ಮೆ ಹೊರಡುವ ದಾರಿ ತೆರೆದಿತ್ತು, ಮತ್ತೊಮ್ಮೆ ಉಳಿದರು. ಇದು ಸರಿಯಾದ ನಿರ್ಧಾರವೇ ಎಂದು ಕೇಳಿದರೆ, ವೈದ್ಯರಾದ ಅವರಿಗೆ ತಮ್ಮ ಬೇನೆಯ ಗತಿ ಗೊತ್ತಿದ್ದಿರಲೇಬೇಕೆಂದಷ್ಟೇ ನಾನು ಹೇಳಬಲ್ಲೆ. ಹೆಂಡತಿಗೂ ಹಸುಗೂಸಿಗೂ ಅವರು ಬದುಕಿರುವುದು ಬೇಕಾಗಿತ್ತು. ಎರಡನೆಯ ಪುಸ್ತಕವೂ ಕೈಯಲ್ಲಿತ್ತು. ಡಿಸೆಂಬರಿನಲ್ಲಿ ಮೂರ್ಛೆಯು ಒಂದರ ಮೇಲೊಂದರಂತೆ ಬಂದೆರಗಿತು. 1942ರ ಡಿಸೆಂಬರ್ 9ರಂದು ತಾಂಗ್ ತಾಲೂಕಿನ ಗೆಗಾಂಗ್ ಎಂಬ ಹಳ್ಳಿಯಲ್ಲಿ ಅವರು ಕೊನೆಯುಸಿರೆಳೆದರು. ಮಗ ಹುಟ್ಟಿ ಆ ದಿನಕ್ಕೆ 108 ದಿನಗಳಾಗಿದ್ದವು.

ಇನ್ನು ಆ ಬೇನೆಯ ವಿಚಾರ. ಮೆದುಳಿನ ನರಕೋಶಗಳು ಸಣ್ಣ ಪ್ರಮಾಣದ ವಿದ್ಯುತ್ತಿನಿಂದ ಪರಸ್ಪರ ವ್ಯವಹರಿಸುತ್ತವೆ. ಯಾವುದೋ ಕಾರಣದಿಂದ ಅಸಂಖ್ಯ ಕೋಶಗಳು ಕ್ರಮ ತಪ್ಪಿ ಒಮ್ಮೆಲೇ ಉದ್ರೇಕಗೊಂಡರೆ ಮನುಷ್ಯನು ಎಚ್ಚರ ತಪ್ಪಿ ಬೀಳುತ್ತಾನೆ, ಕೈಕಾಲು ಸೆಟೆದು ಅದುರುತ್ತವೆ. ಇದು ಮರಳಿ ಮರಳಿ ಬರುವುದೇ ಮೂರ್ಛೆರೋಗ. ನಮ್ಮ ವೈದ್ಯಗ್ರಂಥಗಳ ಅಪಸ್ಮಾರ. ತಲೆಗೆ ಬಿದ್ದ ಪೆಟ್ಟು, ಹೆರಿಗೆಯ ಕಾಲದ ತೊಂದರೆ, ಮೆದುಳಿನ ಸೋಂಕು, ಹಂದಿಮಾಂಸದ ಲಾಡಿಹುಳು ಮುಂತಾದ ಅನೇಕ ಕಾರಣಗಳುಂಟು. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ರೋಗವಿದ್ದವರಿಗೆ ನಿದ್ದೆಗೇಡು, ಬಳಲಿಕೆ, ಜ್ವರಗಳು ಮೂರ್ಛೆಯನ್ನು ಎಬ್ಬಿಸುತ್ತವೆ. ಸಾಮಾನ್ಯವಾಗಿ ಅದು ಎರಡು ಮೂರು ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದೆ ಮುಂದುವರಿದರೆ, ಅಥವಾ ಎಚ್ಚರ ಮರಳುವ ಮೊದಲೇ ಇನ್ನೊಂದು ಬಂದರೆ, ಅದು ಪ್ರಾಣಾಪಾಯದ ಸ್ಥಿತಿ. ಕೋಟಣೀಸರ ಮರಣಕ್ಕಿಂತ 30 ವರ್ಷ ಮೊದಲೇ, 1912ರಲ್ಲಿ, ಫಿನೋಬಾರ್ಬಿಟಾಲ್ ಎಂಬ ಔಷಧವು ಇದಕ್ಕೆ ಬಳಕೆಯಾಗತೊಡಗಿತ್ತು. 1938ರಲ್ಲಿ, ಅವರು ಹಡಗು ಹತ್ತಿದ ವರ್ಷವೇ, ಫಿನಿಟಾಯಿನ್ ಬಂದಿತ್ತು. ಇವೆರಡೂ ಇಂದಿಗೂ ಬಳಕೆಯಲ್ಲಿರುವ, ಅಗ್ಗದ ಮಾತ್ರೆಗಳು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಸರಿಯಾಗಿ ಔಷಧ ತೆಗೆದುಕೊಂಡರೆ ಅವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಚಲನಚಿತ್ರವು ಈ ಬೇನೆಯನ್ನು ಕೈಬಿಟ್ಟು ಪ್ಲೇಗನ್ನು ಏಕೆ ತಂದಿತು? ಕಥೆಗಾರರ ಮನಸ್ಸನ್ನು ನಾನು ಬಲ್ಲವನಲ್ಲ. ವೀರನು ರೋಗದೊಡನೆ ಹೋರಾಡಿ ಅದಕ್ಕೇ ಬಲಿಯಾದನೆಂದರೆ ಕಥೆಗೆ ಕಳೆ ಬರುತ್ತದೆ ಎಂಬುದು ನಿಜ. ಆದರೆ ಮೂರ್ಛೆರೋಗವೆಂದರೆ ನಮ್ಮ ಸಮಾಜಕ್ಕೆ ನಾಚಿಕೆ. ವೀರನಿಗೆ ಅದು ಇದ್ದೀತೆಂದು ಒಪ್ಪಲು ನಾವು ಸಿದ್ಧರಿರಲಿಲ್ಲ. ಸಮಾಜವೇಕೆ, ಕಾಯಿದೆಯೂ ಸಿದ್ಧವಿರಲಿಲ್ಲ. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯು ಪದೇ ಪದೇ ಬರುವ ಮೂರ್ಛೆರೋಗವನ್ನು ಹುಚ್ಚಿನ ಜೊತೆಗೆ ಸೇರಿಸಿ ಮದುವೆಗೆ ಅಡ್ಡಿಯೆಂದು ಬರೆಯಿತು. ಆ ಮಾತನ್ನು ತೆಗೆದುಹಾಕಿದ್ದು 1999ರಲ್ಲಿ.

ಈಗ ನನ್ನ ಸಂಗತಿ. ಇದು ಇನ್ನೊಂದು ಊರಿನ ಶಾಲೆಯಲ್ಲಿ ನಾನು ಹೊಸದಾಗಿ ಅಧ್ಯಾಪಕನಾಗಿದ್ದಾಗ ನಡೆದದ್ದು. ಬೆಳಗಿನ ಪ್ರಾರ್ಥನೆಯ ವೇಳೆ ಏಳನೆಯ ತರಗತಿಯ ಹುಡುಗನೊಬ್ಬ ಸಾಲಿನಲ್ಲಿಯೇ ಕುಸಿದುಬಿದ್ದ. ಸುತ್ತಲಿನ ಹುಡುಗರು ಚೀರುತ್ತ ದೂರ ಸರಿದರು. ಅಧ್ಯಾಪಕರಾದ ನಾವೇನು ಮಾಡಿದೆವು? ಒಬ್ಬರು ಕೀಲಿಕೈ ಗೊಂಚಲನ್ನು ತಂದು ಅವನ ಮುಷ್ಟಿಯಲ್ಲಿ ತುರುಕಿದರು, ಇನ್ನೊಬ್ಬರು ಉಳ್ಳಾಗಡ್ಡಿಯನ್ನು ಒಡೆದು ಮೂಗಿಗೆ ಹಿಡಿದರು. ನಾನು ಹಲ್ಲುಗಳ ನಡುವೆ ಚಮಚವಿಟ್ಟೆ. ಅವನ ಒಸಡು ಹರಿದು ರಕ್ತ ಬಂದಿತು. ಮರುದಿನ ಅವನ ತಂದೆ ಬಂದು, ಹುಡುಗನಿಗೆ ಗಾಳಿ ಸೋಂಕಿದೆ, ಇನ್ನು ಶಾಲೆ ಬೇಡ ಎಂದು ಹೇಳಿ ದಾಖಲೆಪತ್ರವನ್ನು ಒಯ್ದರು. ಯಾರೂ ತಡೆಯಲಿಲ್ಲ. ಉಳಿದ ಮಕ್ಕಳು ಅಂಜುವುದು ತಪ್ಪಿತೆಂದು ಕೆಲವರಿಗೆ ಸಮಾಧಾನವೂ ಆಯಿತು. ಅದೇ ವಾರ ಅದೇ ತರಗತಿಗೆ ನಾನು ಕೋಟಣೀಸರ ಪಾಠ ಹೇಳಿದೆ. ಪ್ಲೇಗಿನಿಂದ ಸತ್ತರೆಂದು ಹೇಳಿದೆ.

ಅನೇಕ ವರ್ಷಗಳ ಅನಂತರ ನಿಜಸಂಗತಿಯನ್ನು ಓದಿದಾಗ ನೆನಪಾದದ್ದು ಆ ಹುಡುಗ. 72 ತಾಸು ನಿಂತು ಶಸ್ತ್ರ ಹಿಡಿದ ವೈದ್ಯರಿಗೂ, ಆಸ್ಪತ್ರೆಯ ನಿರ್ದೇಶಕರಿಗೂ, ಪರಭಾಷೆಯಲ್ಲಿ ಪುಸ್ತಕ ಬರೆದ ಅಧ್ಯಾಪಕರಿಗೂ ನಿನಗಿರುವ ಬೇನೆಯೇ ಇತ್ತು ಎಂದು ಅವನಿಗೂ ಅವನ ತಂದೆಗೂ ಹೇಳಬಹುದಾಗಿತ್ತು. ಹೇಳಬೇಕಾದವನಿಗೆ ತಿಳಿದಿರಲಿಲ್ಲ. ಅವನ ಊರು ಶಾಲೆಯಿಂದ ಎರಡು ಹರದಾರಿ. ನಾನು ಒಮ್ಮೆಯೂ ಹೋಗಲಿಲ್ಲ.

ಅಧ್ಯಾಪಕ ಬಂಧುಗಳಿಗೆ ಉಪಯೋಗವಾದೀತೆಂದು ಮಾಡಬೇಕಾದುದನ್ನು ಇಲ್ಲಿ ಹೇಳಿಬಿಡುತ್ತೇನೆ. ಮೂರ್ಛೆ ಬಂದಾಗ ಗಡಿಯಾರ ನೋಡಿಕೊಳ್ಳಿ. ಕಲ್ಲು, ಬೆಂಚುಗಳನ್ನು ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯದನ್ನಿಡಿ, ಕೊರಳ ಗುಂಡಿ ಸಡಿಲಿಸಿ, ಮಗ್ಗುಲಾಗಿ ಹೊರಳಿಸಿ. ಜೊಲ್ಲು ಹೊರಗೆ ಹರಿಯಲಿ. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಬಾಯಲ್ಲಿ ಏನನ್ನೂ ಇಡಬೇಡಿ, ನೀರನ್ನೂ ಹಾಕಬೇಡಿ. ಕಬ್ಬಿಣದಿಂದಾಗಲಿ ಉಳ್ಳಾಗಡ್ಡಿಯಿಂದಾಗಲಿ ಏನೂ ಆಗುವುದಿಲ್ಲ. ಮೂರ್ಛೆ ತಾನಾಗಿ ಇಳಿದದ್ದನ್ನು ಅವುಗಳ ಗುಣವೆಂದು ನಾವು ನಂಬಿದ್ದೇವೆ. ಐದು ನಿಮಿಷ ಮೀರಿದರೆ ಅಥವಾ ಮತ್ತೊಂದು ಬಂದರೆ ತಡಮಾಡದೆ ದವಾಖಾನೆಗೆ ಸಾಗಿಸಿ. ಎಚ್ಚರವಾದ ಮೇಲೆ ಮಗುವಿನ ಹತ್ತಿರ ಯಾರಾದರೂ ಕುಳಿತಿರಲಿ.

ಕೋಟಣೀಸರ ಮರಣಾನಂತರದ ಸಂಗತಿಗಳು ಸಂಕ್ಷೇಪವಾಗಿ ಹೀಗಿವೆ. ಮೊದಲು ನಾನ್‌ಚ್ಯುವಾನ್ ಎಂಬ ಹಳ್ಳಿಯಲ್ಲಿ ಹೂಳಲಾಗಿದ್ದ ಅವರ ಅವಶೇಷಗಳನ್ನು ಮುಂದೆ ಶಿಜಿಯಾಜುವಾಂಗ್ ನಗರದ ಹುತಾತ್ಮರ ಉದ್ಯಾನಕ್ಕೆ ಒಯ್ಯಲಾಯಿತು. ಬೆಥೂನರ ಸಮಾಧಿಯೂ ಅಲ್ಲಿಯೇ ಇದೆ. ಮಗ ಇನ್‌ಹುವಾ ತಂದೆಯಂತೆ ವೈದ್ಯಕೀಯ ಓದುತ್ತಿದ್ದು, ಪದವಿ ಕೈಗೆ ಬರುವ ಹೊತ್ತಿನಲ್ಲಿ 1967ರಲ್ಲಿ ತೀರಿಕೊಂಡ. ಗುವೊ ಚಿಂಗಲಾನ್ ಅವರು ಪತಿಯ ಮನೆಯವರೊಡನೆ ಸಂಬಂಧವನ್ನು ಉಳಿಸಿಕೊಂಡು ಹಲವು ಬಾರಿ ಭಾರತಕ್ಕೆ ಬಂದುಹೋದರು. 2012ರಲ್ಲಿ, 96ನೆಯ ವಯಸ್ಸಿನಲ್ಲಿ ನಿಧನರಾದರು. ಎರಡು ದೇಶಗಳ ನಡುವೆ 1962ರಲ್ಲಿ ಯುದ್ಧವಾಯಿತು, ಆಮೇಲೂ ಗಡಿಯಲ್ಲಿ ರಕ್ತ ಹರಿದಿದೆ. ಆದರೂ 1982ರಲ್ಲಿ ಚೀನವೂ 1993ರಲ್ಲಿ ಭಾರತವೂ ಕೋಟಣೀಸರ ಅಂಚೆಚೀಟಿಗಳನ್ನು ಹೊರತಂದವು.

ಸೊಲ್ಲಾಪುರದಲ್ಲಿ ಅವರ ಪೂರ್ವಿಕರ ಮನೆಯನ್ನು 2012ರಲ್ಲಿ ಸ್ಮಾರಕವಾಗಿ ತೆರೆಯಲಾಗಿದೆ. ನಮ್ಮ ಶಾಲೆಯ ಶೈಕ್ಷಣಿಕ ಪ್ರವಾಸವು ವಿಜಾಪುರದ ಗೋಲಗುಮ್ಮಟವನ್ನು ನೋಡಿ ಹಿಂದಿರುಗುವುದು ರೂಢಿ. ಅಲ್ಲಿಂದ ಸುಮಾರು 100 ಕಿಲೋಮೀಟರು ಮುಂದೆ ಹೋದರೆ ಸಿದ್ಧರಾಮನ ಕೆರೆಯನ್ನೂ ಈ ಮನೆಯನ್ನೂ ಒಂದೇ ದಿನದಲ್ಲಿ ನೋಡಬಹುದು. ಬಸ್ಸಿನ ಹೆಚ್ಚುವರಿ ವೆಚ್ಚವನ್ನು ಭರಿಸಲು ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಬಂದರೆ ಬರುವ ವರ್ಷವೇ ಹೋಗಿಬರಬಹುದು.